ಅಣಬೆ ಹವಳಕ್ಕೆ ಚಾಲೂ-ಬಂದ್

ಜನವರಿ 12, ರವಿವಾರ. ಮುದ್ದೇಬಿಹಾಳ

ಮನೆಯಲ್ಲಿ ಬೈಯಲು ಯಾರೂ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಕಚೇರಿಯಲ್ಲಿ ಕೊಟ್ಟ ಹೊಸ ವರ್ಷದ ಡೈರಿ ಹೇಗೂ ಖಾಲಿ ಬಿದ್ದಿತ್ತು.

ಸುವರ್ಣಾ ಇಂದು ಬೆಳಿಗ್ಗೆ ತವರೂರು ಮಸೂತಿಗೆ ಹೋದಳು. ಅತ್ತೆ ಸಾವಂತ್ರವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಾರೆ. ಆಪರೇಷನ್ ಆಯಿತು. ಮನೆತುಂಬ ಜನ ಇದ್ದಾರೆ, ಆದರೆ ಮಗಳೇ ಬೇಕಂತೆ, ಐದು ವಾರ. ಹೋಗಲಿ, ನಾನೇನು ಬೇಡ ಅನ್ನಲಿಲ್ಲ. ಆದರೆ ಹೊರಡುವಾಗ ನನ್ನ ಬಿಪಿ ಗುಳಿಗೆ ಎಲ್ಲಿವೆ, ಸಂಜೆ ಏನು ತಿನ್ನುತ್ತೇನೆ ಎಂದು ಹೆಂಡತಿಯಾದವಳು ಒಂದು ಮಾತು ಹೇಳಬೇಡವೆ? ಅರ್ಧ ತಾಸು ಹೇಳಿದ್ದೆಲ್ಲ ಆ ಗಾಜಿನ ಪೆಟ್ಟಿಗೆಯ ಬಗ್ಗೆ!

ಗಾಜಿನ ಪೆಟ್ಟಿಗೆ ಎಂದರೆ ಅವಳ ಸಮುದ್ರ. ಪಡಸಾಲೆಯಲ್ಲಿ ನಾನು ಟಿವಿ ಇಡಬೇಕೆಂದಿದ್ದ ಜಾಗದಲ್ಲಿ ಮೂರು ವರ್ಷದಿಂದ ಕೂತಿದೆ. ಎಂಬತ್ತು ಲೀಟರ್ ಉಪ್ಪುನೀರು, ಮರಳು, ಕಲ್ಲು, ಕಲ್ಲಿನ ಮೇಲೆ ಮೆತ್ತಗಿನ ಹವಳಗಳು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಇಂಥ ಹುಚ್ಚು ಇರುವುದೇ. ಅದರಲ್ಲಿ ಎರಡು ಕಿತ್ತಳೆ ಬಣ್ಣದ ಮೀನು. ಹೆಣ್ಣು ದೊಡ್ಡದು, ಹೆಸರು ಲಕ್ಕವ್ವ. ಗಂಡು ಸಣ್ಣದು, ರಾಚಪ್ಪ. ಲಕ್ಕವ್ವ ದಿನವಿಡೀ ಗದರುತ್ತಾಳೆ, ರಾಚಪ್ಪ ಮೂಲೆಗೆ ಸರಿಯುತ್ತಾನೆ. ಈ ಜಾತಿಯೇ ಹಾಗಂತೆ.

ಎಲ್ಲಕ್ಕಿಂತ ಮುಖ್ಯ ನಡುವಿನ ಹವಳ. ಅಣಬೆಯ ಆಕಾರ, ಅಂಗೈಯಷ್ಟು ಅಗಲ, ಮೇಲೆಲ್ಲ ನೂರಾರು ಸಣ್ಣ ಬೆರಳು. ಬೆರಳು ಬಿಚ್ಚಿದ್ದರೆ ಖುಷಿಯಾಗಿದೆ ಎಂದರ್ಥವಂತೆ.

"ನಾ ಬರೂತನಕ ಇದು ಜೀವಂತ ಇರಬೇಕ್ರಿ," ಅಂದಳು.

"ಇಪ್ಪತ್ತೆಂಟು ವರ್ಷ ಆತು, ಆಲಮಟ್ಟಿ ಕಾಲುವ್ಯಾಗ ಕೃಷ್ಣಾ ನದೀನ ಹರಸಾಕತ್ತೇನಿ. ಒಂದು ಡಬ್ಬಿ ನೀರು ನೋಡಾಕ ಬರೂದಿಲ್ಲೇನು ನನಗ?"

"ಅದಕ್ಕ ಅಂಜಿಕಿ ಬಂದೈತಿ," ಅಂದು ಬಸ್ ಹತ್ತಿದಳು.

ಗಾಜಿನ ಮೇಲೆ ಸೂಚನೆಗಳ ಹಾಳೆ ಅಂಟಿಸಿ ಹೋಗಿದ್ದಾಳೆ. ಹದಿನೇಳು ಸೂಚನೆ. ನಮ್ಮ ಚೀಫ್ ಎಂಜಿನಿಯರ್ ಕೂಡ ಇಷ್ಟು ಬರೆಯುವುದಿಲ್ಲ.

ಜನವರಿ 16, ಗುರುವಾರ

ಪಂಪು ಸತ್ತಿತು.

ಟ್ಯಾಂಕಿನ ಒಳಗೋಡೆಗೆ ಅಂಟಿಕೊಂಡು ನೀರು ತಿರುಗಿಸುವ ಪುಟ್ಟ ಪಂಪು. ವೇವ್‌ಮೇಕರ್ ಅನ್ನುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ನೀರು ಹೊಂಡದ ಹಾಗೆ ನಿಂತಿದೆ. ಸೂಚನೆ ನಂಬರ್ ನಾಲ್ಕು: "ಹರಿವು ನಿಂತರೆ ಹವಳ ಉಸಿರಾಡುವುದಿಲ್ಲ. ತಕ್ಷಣ ನನಗೆ ಫೋನ್ ಮಾಡಿ." ಫೋನ್ ಏಕೆ ಮಾಡಲಿ? ಹೋಗಿ ನಾಲ್ಕು ದಿನ ಆಗಿಲ್ಲ.

ಮೋದಿನಸಾಬನ ಬಳಿ ಒಯ್ದೆ. ಮಾರ್ಕೆಟ್ ಯಾರ್ಡಿನ ಎದುರು ಮೋಟರ್ ರಿವೈಂಡಿಂಗ್ ಅಂಗಡಿ, ತಾಲೂಕಿನ ಅರ್ಧ ಬೋರ್‌ವೆಲ್ ಮೋಟರು ಅವನ ಕೈಯಲ್ಲೇ ಪುನರ್ಜನ್ಮ ಪಡೆದಿವೆ. ಪಂಪನ್ನು ಅಂಗೈಯಲ್ಲಿಟ್ಟು ಕನ್ನಡಕ ಹಣೆಗೇರಿಸಿದ.

"ಸಾಹೇಬ್ರ, ಇದು ಎಷ್ಟು ಎಚ್‌ಪಿ?"

"ಎಚ್‌ಪಿ ಇಲ್ಲೋ ಮಾರಾಯಾ. ಆರು ವ್ಯಾಟು."

"ಆರು ವ್ಯಾಟಿಗೆ ನಮ್ಮ ಅಂಗಡಿ ಗಂಟೀನೂ ಬಾರಿಸೂದಿಲ್ರಿ. ಒಳಗ ವೈಂಡಿಂಗ್ ಎಲ್ಲಾ ಅಂಟಿನ್ಯಾಗ ಮುಳುಗಿಸ್ಯಾರ, ಬಿಚ್ಚಾಕ ಬರೂದಿಲ್ಲ. ಇದರ ಕಥಿ ಮುಗೀತು."

ಅವನ ಸೊಸೆ ಫಿರದೋಸ ಗಲ್ಲಾದ ಹಿಂದೆ ಕೂತಿದ್ದಳು. ಸುವರ್ಣಾಳ ಹಳೆಯ ವಿದ್ಯಾರ್ಥಿನಿ, ಬಿಎಸ್ಸಿ ಮಾಡಿದ್ದಾಳೆ. "ಅಂಕಲ್, ಮೇಡಮ್ಮಾರಿಗೆ ಫೋನ್ ಹಚ್ಚಿ ಕೇಳ್ರಿ, ಯಾವ ಪಂಪ್ ತರಬೇಕಂತ," ಅಂದಳು.

"ಬೇಕಾಗಿಲ್ಲವಾ," ಅಂದು ಮೋದಿನಸಾಬನ ಕಡೆಯಿಂದ ಏರ್‌ಕೂಲರಿನ ಪಂಪು ಇಸಿದುಕೊಂಡು ಬಂದೆ. ನೀರು ತಿರುಗಿಸುವುದು ತಾನೆ. ಪಂಪು ಅಂದರೆ ಪಂಪು.

ಜನವರಿ 17, ಶುಕ್ರವಾರ

ಪಂಪು ಅಂದರೆ ಪಂಪು ಅಲ್ಲ.

ಹಚ್ಚಿದ ಕೂಡಲೇ ಮರಳೆಲ್ಲ ಎದ್ದಿತು. ರಾಚಪ್ಪ ಗಾಜಿಗೆ ಅಂಟಿಕೊಂಡ. ಅಣಬೆ ಹವಳ ಬಿರುಗಾಳಿಯಲ್ಲಿ ಸಿಕ್ಕ ಜೋಳದಂತೆ ಒಂದೇ ಕಡೆ ಬಾಗಿತು. ಸ್ವಲ್ಪ ದಿನ ಹೋದರೆ ಹೊಂದಿಕೊಳ್ಳುತ್ತದೆ ಅಂದುಕೊಂಡು ಆಲಮಟ್ಟಿಗೆ ಹೋದೆ. ಸಂಜೆ ಬಂದರೆ ಪಂಪಿನ ಸ್ಕ್ರೂಗಳಿಂದ ಕೆಂಪು ತುಕ್ಕು ಇಳಿಯುತ್ತಿದೆ.

ಫಿರದೋಸ ಬಂದು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಉಪ್ಪು ನೀರಾಗ ಕಬ್ಬಿಣ, ತಾಮ್ರ ಹಾಕ್ತಾರೇನ್ರಿ ಅಂಕಲ್? ವಿಷ ಅದು!" ಹಾಳೆಯ ಪ್ರಕಾರ ಇಬ್ಬರೂ ಸೇರಿ ಇಪ್ಪತ್ತು ಲೀಟರ್ ನೀರು ಬದಲಿಸಿದೆವು. ಸದ್ಯಕ್ಕೆ ಗುಳ್ಳೆ ಬಿಡುವ ಒಂದು ಗಾಳಿ ಪಂಪು ತಂದು ಹಾಕಿದ್ದಾಳೆ.

ಎಂಟಕ್ಕೆ ಸುವರ್ಣಾಳ ಫೋನ್ ಬಂತು. "ಎಲ್ಲಾ ಚಲೋ ಐತೇನ್ರಿ?" "ಚಲೋ ಐತಿ," ಅಂದೆ. ನಾಲ್ಕು ನಿಮಿಷದಲ್ಲಿ ಮಾತು ಮುಗಿಯಿತು. ನಮ್ಮದು ಯಾವಾಗಲೂ ಹಾಗೇ, ಚೊಕ್ಕ.

ಜನವರಿ 18, ಶನಿವಾರ

ಹಳೆಯ ಪಂಪಿನ ಡಬ್ಬಿ ಸಿಕ್ಕರೆ ಅದರ ಮೇಲೆ ಅಳತೆ ಇರುತ್ತದೆ ಎಂದು ಅವಳ ಕಪಾಟು ಹುಡುಕಿದೆ. ಡಬ್ಬಿ ಸಿಗಲಿಲ್ಲ. ಸೀರೆಗಳ ಕೆಳಗೆ ಒಂದು ಫಾರ್ಮು ಸಿಕ್ಕಿತು.

ವರ್ಗಾವಣೆ ಕೋರಿಕೆ. ಕೋರಿದ ಸ್ಥಳ: ಬಸವನ ಬಾಗೇವಾಡಿ. ಸಹಿ ಮಾಡಿದ್ದಾಳೆ. ತಾರೀಖು ಮಾತ್ರ ಬರೆದಿಲ್ಲ. ಕಡೆಯ ದಿನ ಫೆಬ್ರವರಿ 20.

ಎರಡು ವರ್ಷದ ಹಿಂದೆ ಒಮ್ಮೆ ಕೇಳಿದ್ದಳು. ಬಾಗೇವಾಡಿಗೆ ಹೋಗೋಣ, ನಿಮಗೆ ಆಲಮಟ್ಟಿ ಅಲ್ಲಿಂದಲೂ ಹೆಚ್ಚುಕಡಿಮೆ ಇಷ್ಟೇ ದೂರ, ನನಗೆ ಅವ್ವ ಹತ್ತಿರ ಆಗುತ್ತಾಳೆ ಅಂತ. "ಮನಿ ಬದ್ಲಿ ಮಾಡಾಂಗಿಲ್ಲ. ಮುಗೀತ ಮಾತು," ಅಂದಿದ್ದೆ. ಮಾತು ನಿಜಕ್ಕೂ ಮುಗಿಯಿತು. ಮತ್ತೆ ಎಂದೂ ಎತ್ತಲಿಲ್ಲ. ಒಪ್ಪಿದ್ದಾಳೆ ಅಂದುಕೊಂಡಿದ್ದೆ. ಒಪ್ಪಿದವಳು ಸೀರೆಯ ಕೆಳಗೆ ಫಾರ್ಮು ಇಡುತ್ತಾಳೆಯೇ?

ಹೋಗಲಿ ಬಿಡು. ಒಬ್ಬಳೇ ಹೋಗಿ ಬಾಗೇವಾಡಿಯಲ್ಲಿ ಇರಲಿ. ನನಗೇನು, ಟಿವಿಗೆ ಜಾಗ ಆಗುತ್ತದೆ.

ಇದನ್ನು ಬರೆದು ಒಂದು ತಾಸು ಆಯಿತು. ಮೇಲಿನ ಸಾಲು ಸುಳ್ಳು. ಹವಳ ಸಾಯಬಾರದು. ಅದೂ ಸತ್ತರೆ ಅವಳಿಗೆ ಈ ಮನೆಗೆ ತಿರುಗಿ ಬರಲು ಯಾವ ಕಾರಣವೂ ಉಳಿಯುವುದಿಲ್ಲ.

ಜನವರಿ 21, ಮಂಗಳವಾರ

ಪಂಪಿನ ಆಯ್ಕೆ. ಮೊಬೈಲಿನಲ್ಲಿ ನೋಡಿದರೆ ನೂರಾರು ನಮೂನೆ. ಫಿರದೋಸಳ ಲೆಕ್ಕದ ಪ್ರಕಾರ ಇಂಥ ಹವಳಕ್ಕೆ ಟ್ಯಾಂಕಿನ ನೀರು ತಾಸಿಗೆ ಇಪ್ಪತ್ತು ಸಲ ತಿರುಗಬೇಕು. ಅಂದರೆ ಹದಿನಾರು ನೂರು ಲೀಟರ್. ತಾಸಿಗೆ ಎರಡು ಸಾವಿರದ್ದು ಸಾಕು ಅಂದಳು.

ನಾನು ಹತ್ತು ಸಾವಿರದ್ದು ತರಿಸಿದ್ದೇನೆ. ನನ್ನ ಅನುಭವದಲ್ಲಿ ಕಾಲುವೆಗೆ ನೀರು ಕಡಿಮೆ ಬಂದರೆ ರೈತರು ಮನೆ ಬಾಗಿಲಿಗೆ ಬಂದು ಬೈಯುತ್ತಾರೆ. ಹೆಚ್ಚು ಬಂತೆಂದು ಇವತ್ತಿನವರೆಗೆ ಒಬ್ಬನೂ ಬೈದಿಲ್ಲ.

ಜನವರಿ 24, ಶುಕ್ರವಾರ

ಪಂಪು ಬಂತು. ತೆಂಗಿನಕಾಯಿಯಷ್ಟಿದೆ. ಹಚ್ಚಿದೆ. ಸಮುದ್ರ ಸೋಫಾದ ಮೇಲೆ ಬಂತು. ಗೋಡೆ, ಫ್ಯಾನು, ಮಾವನವರ ಫೋಟೋ, ನನ್ನ ಬನಿಯನ್ನು, ಎಲ್ಲ ಉಪ್ಪುಪ್ಪು. ಲಕ್ಕವ್ವ ಕಲ್ಲಿನ ಸಂದಿಯಿಂದ ನನ್ನನ್ನು ನೋಡಿದ ನೋಟ ಸುವರ್ಣಾಳದೇ.

ನೆಲ ಒರೆಸಿ ಬೆನ್ನು ಹಿಡಿದುಕೊಂಡಿದೆ. ಪಂಪು ವಾಪಸ್ ಕಳಿಸಿ ಎರಡು ಸಾವಿರದ್ದು ಹೇಳಿದ್ದೇನೆ. ಫಿರದೋಸ ನಗಲಿಲ್ಲ. ಮೋದಿನಸಾಬ ಮಾತ್ರ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಾನಂತೆ. ನಗಲಿ, ಹಲ್ಲು ಉದುರುವ ತನಕ ನಗಲಿ.

ಜನವರಿ 28, ಮಂಗಳವಾರ

ಇದಪ್ಪಾ ಹರಿವು!

ಎರಡು ಸಾವಿರದ ಪಂಪನ್ನು ಎಡಗೋಡೆಯ ನಡುವೆ ಕೂಡಿಸಿದೆ. ಮೂತಿ ನೇರ ಬಲಗೋಡೆಗೆ. ಮೀನಿನ ಕಾಳು ಹಾಕಿ ಗಡಿಯಾರ ಹಿಡಿದು ವೇಗ ಅಳೆದೆ. ಸುಳಿ ಇಲ್ಲ, ಅಡ್ಡಾದಿಡ್ಡಿ ಇಲ್ಲ, ಈ ತುದಿಯಿಂದ ಆ ತುದಿಗೆ ಒಂದೇ ಸಮ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನಾನು ಕಾಲುವೆಯಲ್ಲಿ ಇಷ್ಟು ಶುದ್ಧವಾದ ಹರಿವು ಕಂಡಿಲ್ಲ. ಸುಮ್ಮನೆ ಕೂತು ಅರ್ಧ ತಾಸು ನೋಡಿದೆ. ಟಿವಿಯ ನೆನಪಾಗಲಿಲ್ಲ.

ಜನವರಿ 31, ಶುಕ್ರವಾರ

ಅಣಬೆ ಮುಚ್ಚಿಕೊಂಡಿದೆ. ನಿನ್ನೆಯೇ ಮುಚ್ಚಿತ್ತು, ಮಲಗಿದೆ ಅಂದುಕೊಂಡೆ. ಬೆರಳೆಲ್ಲ ಒಳಗೆ ಎಳೆದುಕೊಂಡು ಮೈ ಮೇಲೆ ಹಾಲಿನ ಕೆನೆಯಂಥ ಪೊರೆ ಹೊದ್ದಿದೆ, ಮಿರಿಮಿರಿ ಹೊಳೆಯುತ್ತದೆ. ಬಲಮೂಲೆಯಲ್ಲಿ ಮರಳಿನ ಗುಡ್ಡೆ. ಕಲ್ಲಿನ ಹಿಂದೆ ಹೊಲಸು ಕೂತಿದೆ. ನನ್ನ ಚಂದದ ಹರಿವು ಅಲ್ಲಿ ಹೋಗುವುದೇ ಇಲ್ಲ.

"ಅಂಕಲ್, ಒಂದ ಕಡೆಯಿಂದ ಹೊಡ್ಯಾಕತ್ತೀರಿ," ಅಂದಳು ಫಿರದೋಸ. "ಮುಂದಿಂದು ನನಗೂ ಅಷ್ಟು ತಿಳಿಯೂದಿಲ್ಲ. ಮೇಡಮ್ಮಾರಿಗೆ ಕೇಳ್ರಿ."

ಮತ್ತೆ ಅದೇ ರಾಗ.

ಫೆಬ್ರವರಿ 1, ಶನಿವಾರ

ಮುಚ್ಚಿದೆ.

ಫೆಬ್ರವರಿ 2, ರವಿವಾರ

ಮುಚ್ಚಿದೆ. ಊಟ ಸೇರಲಿಲ್ಲ. ಹವಳಕ್ಕೂ ನನ್ನ ಊಟಕ್ಕೂ ಸಂಬಂಧವಿಲ್ಲ, ಬದನೆಕಾಯಿ ಪಲ್ಯ ಸೀದಿತ್ತು. ಎಂಟಕ್ಕೆ ಫೋನ್ ಬಂದಾಗ "ಚಲೋ ಐತಿ" ಅನ್ನಲು ನಾಲಿಗೆ ಏಳಲಿಲ್ಲ. ರೇಂಜ್ ಇಲ್ಲ ಅಂದು ಇಟ್ಟುಬಿಟ್ಟೆ.

ಫೆಬ್ರವರಿ 3, ಸೋಮವಾರ

ಹೇಳಿಬಿಟ್ಟೆ.

ನಾನೇ ಫೋನ್ ಮಾಡಿದೆ. ಪಂಪು ಸತ್ತದ್ದು, ಕೂಲರ್ ಪಂಪು, ತುಕ್ಕು, ಸೋಫಾ, ಪೊರೆ, ಎಲ್ಲ ಒಂದೇ ಉಸಿರಿಗೆ. ಈಗ ಬಯ್ಯುತ್ತಾಳೆ ಅಂದುಕೊಂಡು ಕಣ್ಣು ಮುಚ್ಚಿದೆ.

"ಪೊರಿ ಹೊಳ್ಯಾಕತ್ತೈತೋ ಇಲ್ಲಾ ಕರ್ರಗಾಗೈತೋ?" ಅಂದಳು.

"ಹೊಳ್ಯಾಕತ್ತೈತಿ."

"ಹಂಗಾರ ಅದು ಸತ್ತಿಲ್ರಿ. ಪೊರಿ ಬಿಡಾಕ ಕಾಯಾಕತ್ತೈತಿ."

ಅಬ್ಬಾ, ಜೀವ ಬಂತು. ಮುಂದೆ ಏನು ಮಾಡಲಿ ಅಂದೆ. ಬರೆದುಕೊಳ್ಳಿ ಅಂದಳು. ಈ ಡೈರಿಯಲ್ಲೇ ಬರೆದುಕೊಂಡೆ, ಅವಳು ಹೇಳಿದ ಹಾಗೇ: "ಸಮುದ್ರಕ್ಕ ಕಾಲುವಿ ಗೊತ್ತಿಲ್ರಿ. ಅಲ್ಲಿ ನೀರು ಹೋಗತೈತಿ, ಬರತೈತಿ. ಒಂದ ಕಡೆಯಿಂದ ಎಷ್ಟ ಚಂದ ಹರಿಸಿದ್ರೂ ಒಂದು ಮಗ್ಗಲಕ್ಕ ಬರೇ ಪೆಟ್ಟು ಬೀಳತೈತಿ, ಇನ್ನೊಂದು ಮಗ್ಗಲದಾಗ ಹೊಲಸು ಕೂಡ್ರತೈತಿ. ಬ್ಯಾಸತ್ತು ಮುಚಗೋತೈತಿ. ಜೋರು ಮುಖ್ಯ ಅಲ್ಲ. ಎರಡೂ ಕಡೆಯಿಂದ ಬರಬೇಕು."

ಅದನ್ನು ಬರೆಯುತ್ತಿದ್ದಾಗ ಅವಳ ಮಾತು ಬೇರೆ ಕಡೆ ಹೊರಳಿತು. ಅವ್ವ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟದ್ದು, ಸ್ನಾನ ಮಾಡಿಸುವಾಗ ನಾಚಿಕೊಂಡು ಅತ್ತದ್ದು, ಸಣ್ಣವಳಿದ್ದಾಗ ಇದೇ ಬಚ್ಚಲಲ್ಲಿ ತನಗೆ ಎಣ್ಣೆ ಹಚ್ಚುತ್ತಿದ್ದದ್ದು, ಕಾಲೇಜಿನಲ್ಲಿ ಪ್ರಯೋಗಾಲಯಕ್ಕೆ ಮೂರು ವರ್ಷದಿಂದ ಒಂದು ಸೂಕ್ಷ್ಮದರ್ಶಕ ಕೇಳುತ್ತಿರುವುದು. ಇವೆಲ್ಲ ನನಗೆ ಗೊತ್ತೇ ಇರಲಿಲ್ಲ. ಪೆನ್ನು ಕೈಯಲ್ಲಿದ್ದುದರಿಂದ ನಡುವೆ ಬಾಯಿ ಹಾಕಲು ಆಗಲಿಲ್ಲ.

ಒಮ್ಮೆ ಅವಳೇ ನಿಲ್ಲಿಸಿ, "ಫೋನ್ ಕಟ್ಟಾತೇನ್ರಿ?" ಅಂದಳು.

"ಇಲ್ಲ, ಕೇಳಾಕತ್ತೇನಿ."

ಮೂಗು ಒರೆಸಿಕೊಂಡ ಸಪ್ಪಳ ಬಂತು. ನೆಗಡಿ ಇರಬೇಕು. ಒಟ್ಟು ಐವತ್ತೊಂದು ನಿಮಿಷ ಮಾತಾಡಿದಳು. ಮೊಬೈಲ್ ಬಿಸಿಯಾಗಿತ್ತು.

ಫಾರ್ಮಿನ ಮಾತು ಎತ್ತಲಿಲ್ಲ, ಅವಳೂ, ನಾನೂ.

ಫೆಬ್ರವರಿ 5, ಬುಧವಾರ

ಇವತ್ತು ಕಾಲುವೆ ಬಂದ್ ಮಾಡುವ ದಿನ. ಹಿಂಗಾರಿನಲ್ಲಿ ಎಲ್ಲರಿಗೂ ಒಟ್ಟಿಗೆ ನೀರು ಸಾಲುವುದಿಲ್ಲ. ಹೀಗಾಗಿ ವಾರಾಬಂದಿ: ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್. ಮೇಲಿನವರದು ಬಂದ್ ಮಾಡಿ ಕೆಳಗಿನವರಿಗೆ ಬಿಡುವುದು, ಅವರದು ಮುಗಿದ ಮೇಲೆ ಇವರಿಗೆ. ಗೇಟಿನ ಮೇಲೆ ನಿಂತಿದ್ದೆ. ಗೇಟು ಕಾಯುವ ಅಮೋಘಸಿದ್ಧ ಗಾಲಿ ತಿರುಗಿಸಿ ಗೇಟು ಇಳಿಸುತ್ತಿದ್ದ. ಈ ಕಾಲುವೆಯ ನೀರು ಸಣ್ಣಗಾಯಿತು, ಆ ಕಾಲುವೆಯಲ್ಲಿ ಎದ್ದಿತು.

"ಅಮೋಘಸಿದ್ಧ, ನಾ ಶುದ್ಧ ಕತ್ತೆ ಅದೇನಿ ನೋಡು," ಅಂದೆ.

"ಹೌದ್ರಿ ಸಾಹೇಬ್ರ," ಅಂದ. ಯಾಕೆ ಅಂತಲೂ ಕೇಳಲಿಲ್ಲ ಹಲ್ಕಟ್.

ಒಂದು ಪಂಪಲ್ಲ, ಎರಡು ಸಣ್ಣ ಪಂಪು! ಎಡಕ್ಕೊಂದು, ಬಲಕ್ಕೊಂದು. ಎಡದ್ದು ಚಾಲೂ ಆದಾಗ ಬಲದ್ದು ಬಂದ್, ಬಲದ್ದು ಚಾಲೂ ಆದಾಗ ಎಡದ್ದು ಬಂದ್. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ್ದೇನೆ, ಮನೆಯ ಪಡಸಾಲೆಯಲ್ಲಿ ಹೊಳೆಯಲಿಲ್ಲ.

ನೇರ ಮೋದಿನಸಾಬನ ಅಂಗಡಿಗೆ ಹೋದೆ. ಮೊದಲು ನಕ್ಕ. ಆಮೇಲೆ ಎದ್ದು ನಿಂತ. "ಎರಡು ಬೋರಿನ ಮೋಟರ್ ಪಾಳಿ ಮ್ಯಾಲೆ ಓಡಸಾಕ ಟೈಮರ್ ಕೂಡಸ್ತೇವಿ, ಅದ ಐತೆಲ್ರಿ! ಆದ್ರ ಸಾಹೇಬ್ರ, ಹನ್ನೆರಡು ವೋಲ್ಟಿನ ಪಂಪ ತರಸ್ರಿ. ಉಪ್ಪು ನೀರಾಗ ಮನೀ ಕರೆಂಟ್ ಬಿಟ್ರ ಮೇಡಮ್ಮಾರು ಬರೂದರಾಗ ನಿಮ್ಮನ್ನ ಹೊತಗೊಂಡ ಹೋಗಬೇಕಾಗತೈತಿ."

ಫೆಬ್ರವರಿ 8, ಶನಿವಾರ

ಹನ್ನೆರಡು ವೋಲ್ಟಿನ ಎರಡು ಪಂಪು, ತಲಾ ಸಾವಿರದ ಮುನ್ನೂರು ಲೀಟರಿನವು, ನಿನ್ನೆ ಬಂದವು. ಫಿರದೋಸ ಮೂತಿ ತಿರುಗಿಸಿ ತೋರಿಸಿದಳು: ಹವಳದ ಮೇಲೆ ನೇರ ಅಲ್ಲ, ನೀರು ಗಾಜಿಗೆ ಬಡಿದು ಮುರಿದು ಬರಬೇಕು. ಮೋದಿನಸಾಬ ಟೈಮರ್ ಪೆಟ್ಟಿಗೆಯನ್ನು ನೀರಿನಿಂದ ದೂರ ಗೋಡೆಗೆ ಮೊಳೆ ಹೊಡೆದು ಕೂಡಿಸಿದ. ಪೆಟ್ಟಿಗೆಯ ಮೇಲೆ "ಬೋರ್ 1", "ಬೋರ್ 2" ಎಂದು ಬರೆದಿದೆ. ಇರಲಿ.

ಪಾಳಿ ಎಷ್ಟು ಹೊತ್ತು ಇಡಬೇಕು ಎಂದು ಗೊತ್ತಿರಲಿಲ್ಲ. ಆರು ತಾಸು ಇಡೋಣ ಅನ್ನಿಸಿತು. ಆದರೂ ಫೋನ್ ಮಾಡಿ ಕೇಳಿದೆ.

"ಐದು ನಿಮಿಷ ಇಟ್ಟ ನೋಡ್ರಿ," ಅಂದಳು. "ಹೆಚ್ಚು ಬೇಕೋ ಕಡಿಮಿ ಬೇಕೋ ಅದ ಹೇಳತೈತಿ. ನೀವು ಬರೇ ಅದರ ಮಾರಿ ನೋಡ್ಕೋತ ಕೂಡ್ರಿ."

ಕೂತಿದ್ದೇನೆ. ಐದು ನಿಮಿಷಕ್ಕೊಮ್ಮೆ ಟಕ್ ಅನ್ನುತ್ತದೆ.

ಫೆಬ್ರವರಿ 10, ಸೋಮವಾರ

ಕಳಚಿತು!

ಬೆಳಿಗ್ಗೆ ಚಹಾ ಹಿಡಿದು ನಿಂತಿದ್ದೆ. ಬಲಗಡೆಯ ಪಾಳಿ ಬಂದಾಗ ಪೊರೆಯ ಒಂದು ಅಂಚು ಎದ್ದಿತು. ಎಡಗಡೆಯ ಪಾಳಿಗೆ ಇನ್ನಷ್ಟು. ನಾಲ್ಕನೆಯ ಪಾಳಿಗೆ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಪೂರ್ತಿ ಬಿಟ್ಟು ತೇಲಿತು. ಲಕ್ಕವ್ವ ಅದನ್ನು ಗದರಿಸಲು ಹೋದಳು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಜೋಹರಾಬಿ ಬಾಗಿಲಿಗೆ ಬಂದು "ಏನಾತ್ರೀ, ಬಿದ್ರೇನು?" ಅಂದಳು.

ಚಹಾ ಆರಿತು. ಕಚೇರಿಗೆ ತಡವಾಯಿತು. ಹಾಳಾಗಿ ಹೋಗಲಿ ಕಚೇರಿ.

ಫೆಬ್ರವರಿ 13, ಗುರುವಾರ

ಬೆರಳೆಲ್ಲ ಬಿಚ್ಚಿದೆ. ಎಣಿಸಲು ಹೋಗಿ ಇನ್ನೂರು ದಾಟಿದ ಮೇಲೆ ಲೆಕ್ಕ ತಪ್ಪಿತು. ಸುವರ್ಣಾಳಿಗೆ ಫೋಟೋ ಕಳಿಸಲಿಲ್ಲ. ಬಂದು ನೋಡಲಿ.

ಫಾರ್ಮು ಅಲ್ಲೇ ಇದೆ. ಇನ್ನು ಒಂದು ವಾರ. ಹರಿದು ಹಾಕೋಣ ಅಂತ ಒಮ್ಮೆ ಅನ್ನಿಸಿತು. ಸುಳ್ಳೇಕೆ, ಮೂರು ಸಲ ಅನ್ನಿಸಿತು. ಮಡಿಸಿ ಮತ್ತೆ ಸೀರೆಯ ಕೆಳಗೆ ಇಟ್ಟೆ.

ಫೆಬ್ರವರಿ 16, ರವಿವಾರ

ಮಧ್ಯಾಹ್ನದ ಬಸ್ಸಿಗೆ ಬಂದಳು. ಸೊರಗಿದ್ದಾಳೆ. ಚಪ್ಪಲಿ ಬಿಟ್ಟವಳು ಹೆಗಲಿನ ಚೀಲ ಇಳಿಸದೆ ಟ್ಯಾಂಕಿನ ಮುಂದೆ ನಿಂತಳು. ಟಕ್ ಅಂತು. ಎಡದ್ದು ನಿಂತು ಬಲದ್ದು ಚಾಲೂ ಆಯಿತು. ಬೆರಳೆಲ್ಲ ಈ ಕಡೆ ಬಾಗಿದ್ದವು ನಿಧಾನ ಆ ಕಡೆ ಬಾಗಿದವು. ನಾಲ್ಕು ಪಾಳಿ, ಪೂರ್ತಿ ಇಪ್ಪತ್ತು ನಿಮಿಷ, ನಿಂತೇ ನೋಡಿದಳು. ಚಲೋ ಆಗಿದೆ ಅಂತ ಒಂದು ಮಾತು? ಇಲ್ಲ.

"ಬೋರ್ ಒಂದು, ಬೋರ್ ಎರಡು ಅಂದ್ರ ಏನ್ರಿ?"

"ಮೋದಿನಸಾಬನ ಪೆಟಗಿ. ಮೂತಿ ಕೂಡಿಸಿದಾಕಿ ಫಿರದೋಸ. ಐದು ನಿಮಿಷ ಅಂದಾಕಿ ನೀನು. ನಾ ಬರೇ ನೆಲಾ ಒರಸೇನಿ."

ಊಟ ಆದ ಮೇಲೆ ಕಪಾಟು ತೆಗೆದು ಫಾರ್ಮು ತಂದು ಮೇಜಿನ ಮೇಲೆ ಇಟ್ಟಳು. "ನೋಡೀರಿ ಅಂತ ಗೊತ್ತಾತು. ನಾ ಮಡಿಚಿದ್ದು ಹಿಂಗಲ್ಲ." ಅದನ್ನು ನನ್ನ ಕಡೆ ತಳ್ಳಿದಳು. "ಇದನ್ನ ಕೊಡಾಕಿ ಅದೇನಿ. ಗುರುವಾರ ಕಡೀ ದಿನ," ಅಂದಳು. ನಾನು ಏನು ಅನ್ನುತ್ತೇನೆ ಎಂದು ಕಾಯುತ್ತಿದ್ದಳು.

"ಇದನ್ನ ಹೆಂಗ ಒಯ್ಯೂದು?" ಅಂದೆ.

"ಯಾವುದನ್ನ? ಫಾರ್ಮಾನ?"

"ಟ್ಯಾಂಕನ್ನ. ನೀರು ತುಂಬಿದ್ದನ್ನ ಎತ್ತಿದ್ರ ಗಾಜು ಒಡೀತೈತಿ. ನೀರು ಬ್ಯಾರೆ ಕ್ಯಾನಿನ್ಯಾಗ, ಮೀನು ಬ್ಯಾರೆ, ಕಲ್ಲು ಬ್ಯಾರೆ. ದಾರ್ಯಾಗ ಪಂಪ್ ಇರೂದಿಲ್ಲ. ಗಾಡಿ ಬ್ಯಾಟರಿ ಮ್ಯಾಲೆ ಗಾಳಿ ಪಂಪ್ ಓಡಸಾಕ ಬರತೈತೇನು ಅಂತ ಮೋದಿನಸಾಬಗ ಕೇಳಬೇಕು. ಬಾಗೇವಾಡ್ಯಾಗ ಮನಿ ಹಿಡ್ಯೂವಾಗ ಬಿಸಲು ಬೀಳದ ಗ್ವಾಡಿ ನೋಡಿ ಹಿಡೀಬೇಕು."

ನನ್ನನ್ನೇ ನೋಡುತ್ತಿದ್ದಳು. "ನಿಮಗ ಬರ್ರಿ ಅಂತ ನಾ ಇನ್ನಾ ಅಂದ ಇಲ್ಲಲ್ರಿ."

"ಮತ್ತ ಅಲ್ಲಿ ಪಂಪ್ ಯಾರ ನೋಡ್ತಾರ?"

ನಕ್ಕಳು ನೋಡು, ಕುರ್ಚಿ ಹಿಡಿದು ಕೂತುಕೊಳ್ಳುವಷ್ಟು ನಕ್ಕಳು, ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಹೇಳಿದ್ದರಲ್ಲಿ ನಗುವಂಥದ್ದು ಏನಿತ್ತು ಎಂದು ಇನ್ನೂ ತಿಳಿದಿಲ್ಲ. ಆಮೇಲೆ ಸೂಕ್ಷ್ಮದರ್ಶಕದ ಕಥೆಯ ಮುಂದಿನ ಭಾಗ ಹೇಳಿದಳು. ದೊಡ್ಡದಿದೆ, ನಾಳೆ ಬರೆಯುತ್ತೇನೆ. ಫಾರ್ಮಿಗೆ ತಾರೀಖು ಹಾಕಬೇಕಂತೆ, ಪೆನ್ನು ಕೇಳುತ್ತಿದ್ದಾಳೆ. ಮನೆಯಲ್ಲಿ ಬರೆಯುವ ಪೆನ್ನು ಇದೊಂದೇ. ಕೊಡುತ್ತಿದ್ದೇನೆ.